ಚಾಂಡ್ಲರ್ ಮೆಚ್ಚಿದ ಹ್ಯಾಮೆಟ್: ಯಾರ ಹೆಸರನ್ನೂ ಬಾಯಿಬಿಡದ ಪತ್ತೇದಾರ

1936ರ ಜನವರಿ 11. 'ಬ್ಲ್ಯಾಕ್ ಮಾಸ್ಕ್' ಎಂಬ ಅಗ್ಗದ ಪತ್ರಿಕೆಗೆ ಪತ್ತೇದಾರಿ ಕಥೆ ಬರೆಯುತ್ತಿದ್ದ ಹತ್ತು ಹನ್ನೊಂದು ಮಂದಿ ಲಾಸ್ ಏಂಜಲೀಸ್‌ನಲ್ಲಿ ಊಟಕ್ಕೆ ಸೇರಿದ್ದರು. ಊಟದ ಜೊತೆಗೆ ಒಂದು ಗ್ರೂಪ್ ಫೋಟೋ ಕೂಡ ಆಯಿತು. ಹಿಂದಿನ ಸಾಲಿನಲ್ಲಿ ನಿಂತವರಲ್ಲಿ ಒಬ್ಬರು ಡ್ಯಾಶಿಯಲ್ ಹ್ಯಾಮೆಟ್, ಇನ್ನೊಬ್ಬರು ರೇಮಂಡ್ ಚಾಂಡ್ಲರ್. ಅಮೆರಿಕದ ಪತ್ತೇದಾರಿ ಸಾಹಿತ್ಯದ ಈ ಎರಡು ದೊಡ್ಡ ಹೆಸರುಗಳು ಮುಖಾಮುಖಿಯಾಗಿದ್ದು ಅದೊಂದೇ ಸಲ.

ಆಗ ಹ್ಯಾಮೆಟ್‌ಗೆ 41 ವರ್ಷ. ತಲೆಗೂದಲು ಆಗಲೇ ಬೆಳ್ಳಗಾಗಿತ್ತು. ಐದು ಕಾದಂಬರಿ ಬರೆದು ಮುಗಿಸಿದ್ದರು. ಆರನೆಯದು ಎಂದೂ ಬರುವುದಿಲ್ಲ ಎಂಬುದು ಆ ದಿನ ಅಲ್ಲಿದ್ದ ಯಾರಿಗೂ, ಬಹುಶಃ ಅವರಿಗೂ, ಗೊತ್ತಿರಲಿಲ್ಲ. ಚಾಂಡ್ಲರ್ ವಯಸ್ಸಿನಲ್ಲಿ ಆರು ವರ್ಷ ದೊಡ್ಡವರು, ಆದರೆ ಬರವಣಿಗೆಯಲ್ಲಿ ಹೊಸಬರು. ತೈಲ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅವರು ಕುಡಿತದಿಂದಾಗಿ 1932ರಲ್ಲಿ ಕೆಲಸ ಕಳೆದುಕೊಂಡಿದ್ದರು. ಹೊಟ್ಟೆಪಾಡಿಗೆ ಕಥೆ ಬರೆಯಲು ಕೂತಾಗ ವಯಸ್ಸು 44 ದಾಟಿತ್ತು. ಮೊದಲ ಕಥೆಗೆ ಐದು ತಿಂಗಳು ಹಿಡಿಯಿತು, ಸಿಕ್ಕಿದ್ದು 180 ಡಾಲರ್. ಅದು ಅಚ್ಚಾಗಿದ್ದು 1933ರ ಡಿಸೆಂಬರ್‌ನಲ್ಲಿ, ಹ್ಯಾಮೆಟ್ ಹೆಸರು ಮಾಡಿದ ಅದೇ 'ಬ್ಲ್ಯಾಕ್ ಮಾಸ್ಕ್'ನಲ್ಲಿ.

ಆ ಸಂಜೆಯ ನಂತರ ಇಬ್ಬರ ನಡುವೆ ಗೆಳೆತನ ಬೆಳೆಯಲಿಲ್ಲ. ಎತ್ತರದ, ಮಾತು ಕಮ್ಮಿಯ, ಎಷ್ಟು ಕುಡಿದರೂ ಅಲುಗಾಡದ ಮನುಷ್ಯ ಎಂಬ ಚಿತ್ರವಷ್ಟೇ ಚಾಂಡ್ಲರ್ ಮನಸ್ಸಿನಲ್ಲಿ ಉಳಿಯಿತು. ಎಂಟು ವರ್ಷಗಳ ನಂತರ, 1944ರ ಡಿಸೆಂಬರ್‌ನಲ್ಲಿ 'ಅಟ್ಲಾಂಟಿಕ್ ಮಂತ್ಲಿ' ಪತ್ರಿಕೆಯಲ್ಲಿ ಅವರ ಒಂದು ಪ್ರಬಂಧ ಪ್ರಕಟವಾಯಿತು. ಹೆಸರು 'ದಿ ಸಿಂಪಲ್ ಆರ್ಟ್ ಆಫ್ ಮರ್ಡರ್'. ಪತ್ತೇದಾರಿ ಬರಹಗಾರನೊಬ್ಬ ತನ್ನದೇ ಕಸುಬಿನ ಇನ್ನೊಬ್ಬನ ಬಗ್ಗೆ ಬರೆದ ಮೆಚ್ಚುಗೆಯ ಮಾತುಗಳಲ್ಲಿ ಇದಕ್ಕಿಂತ ಪ್ರಸಿದ್ಧವಾದದ್ದು ಸಿಗುವುದು ಕಷ್ಟ.

ಚಾಂಡ್ಲರ್ ಮೆಚ್ಚಿದ್ದು ಏನನ್ನು? ಅದು ತಿಳಿಯಬೇಕಾದರೆ ಹ್ಯಾಮೆಟ್ ಎಲ್ಲಿಂದ ಬಂದವರು ಎಂದು ನೋಡಬೇಕು.

ಸ್ಯಾಮ್ಯುಯೆಲ್ ಡ್ಯಾಶಿಯಲ್ ಹ್ಯಾಮೆಟ್ ಹುಟ್ಟಿದ್ದು 1894ರ ಮೇ 27ರಂದು, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಒಂದು ಹಳ್ಳಿಗಾಡಿನ ತೋಟದ ಮನೆಯಲ್ಲಿ. ಬೆಳೆದದ್ದು ಹೆಚ್ಚಾಗಿ ಬಾಲ್ಟಿಮೋರ್ ನಗರದಲ್ಲಿ. ಮನೆಯಲ್ಲಿ ದುಡ್ಡಿಲ್ಲದೆ ಹದಿನಾಲ್ಕರ ಆಸುಪಾಸಿನಲ್ಲೇ ಶಾಲೆ ಬಿಟ್ಟರು. ರೈಲ್ವೆ ಕಚೇರಿಯಲ್ಲಿ ಪತ್ರ ಹೊತ್ತು ತಿರುಗುವ ಹುಡುಗನ ಕೆಲಸದಿಂದ ಹಿಡಿದು ಕೈಗೆ ಸಿಕ್ಕಿದ್ದನ್ನೆಲ್ಲ ಮಾಡಿದರು. 1915ರಲ್ಲಿ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಗೆ ಸೇರಿದರು. ಬಾಡಿಗೆ ಪತ್ತೇದಾರನ ಕೆಲಸವೆಂದರೆ ಷರ್ಲಾಕ್ ಹೋಮ್ಸ್‌ನ ಹಾಗೆ ಕುರ್ಚಿಯಲ್ಲಿ ಕೂತು ಬೂದಿಯ ಬಣ್ಣ ನೋಡಿ ಕೊಲೆಗಾರನನ್ನು ಹೇಳುವುದಲ್ಲ. ಮಳೆಯಲ್ಲಿ ಬೀದಿ ಕಾಯುವುದು, ದಿನಗಟ್ಟಲೆ ಒಬ್ಬನ ಬೆನ್ನು ಹತ್ತುವುದು, ಸಂಜೆ ಬಂದು ಕಂಡದ್ದನ್ನು ಕಂಡ ಹಾಗೆ ವರದಿ ಬರೆಯುವುದು. ಊಹೆ, ಅಲಂಕಾರ ಯಾವುದೂ ಅಲ್ಲಿ ನಡೆಯುವುದಿಲ್ಲ. ಮುಂದೆ ಅವರ ಕಾದಂಬರಿಗಳ ಭಾಷೆಯೂ ಹಾಗೇ ಆಯಿತು.

ಆ ಕೆಲಸಕ್ಕೆ ಇನ್ನೊಂದು ಮುಖವೂ ಇತ್ತು. ಮುಷ್ಕರ ಮುರಿಯಲು ಗಣಿ ಮಾಲೀಕರು ಪಿಂಕರ್ಟನ್ ಆಳುಗಳನ್ನು ಬಾಡಿಗೆಗೆ ಪಡೆಯುತ್ತಿದ್ದ ಕಾಲ ಅದು. 1917ರಲ್ಲಿ ಮೊಂಟಾನಾದ ಬ್ಯೂಟ್ ಎಂಬ ತಾಮ್ರದ ಗಣಿಯೂರಿನಲ್ಲಿ ಫ್ರ್ಯಾಂಕ್ ಲಿಟ್ಲ್ ಎಂಬ ಕಾರ್ಮಿಕ ನಾಯಕನನ್ನು ರಾತ್ರೋರಾತ್ರಿ ಎಳೆದೊಯ್ದು ರೈಲು ಸೇತುವೆಗೆ ನೇಣು ಹಾಕಲಾಯಿತು. ಅವನನ್ನು ಕೊಲ್ಲಲು ತನಗೆ 5,000 ಡಾಲರ್ ಕೊಡುವುದಾಗಿ ಹೇಳಿದ್ದರು ಎಂದು ಹ್ಯಾಮೆಟ್ ಹೇಳುತ್ತಿದ್ದರಂತೆ. ಇದನ್ನು ಬರೆದಿಟ್ಟವರು ಅವರೊಂದಿಗೆ ಮೂರು ದಶಕ ಒಡನಾಡಿದ ನಾಟಕಕಾರ್ತಿ ಲಿಲಿಯನ್ ಹೆಲ್‌ಮನ್. ಇದು ಎಷ್ಟು ನಿಜ ಎಂಬ ಚರ್ಚೆ ಈಗಲೂ ಇದೆ. ಆದರೆ ದುಡ್ಡಿರುವವರು ಊರನ್ನೇ ಕೊಂಡುಕೊಳ್ಳುವುದನ್ನು ಈ ಮನುಷ್ಯ ಹತ್ತಿರದಿಂದ ಕಂಡಿದ್ದರು ಎಂಬುದರಲ್ಲಿ ಅನುಮಾನವಿಲ್ಲ. 1929ರಲ್ಲಿ ಬಂದ ಮೊದಲ ಕಾದಂಬರಿ 'ರೆಡ್ ಹಾರ್ವೆಸ್ಟ್' ಅಂಥದ್ದೇ ಒಂದು ಗಣಿಯೂರಿನ ಕಥೆ. ಮುಷ್ಕರ ಮುರಿಯಲು ಮಾಲೀಕ ಕರೆಸಿದ ಗೂಂಡಾಗಳೇ ಕೊನೆಗೆ ಊರಿನ ಒಡೆಯರಾಗಿ ಕೂರುತ್ತಾರೆ.

ನಡುವೆ ಕಾಯಿಲೆ ಬಂತು. ಮೊದಲ ಮಹಾಯುದ್ಧದ ಕೊನೆಯ ವರ್ಷ ಸೇನೆಗೆ ಸೇರಿದ ಹ್ಯಾಮೆಟ್ ಅಮೆರಿಕದ ಶಿಬಿರದಲ್ಲೇ ಸ್ಪ್ಯಾನಿಷ್ ಫ್ಲೂಗೆ ತುತ್ತಾದರು, ಅದು ಕ್ಷಯಕ್ಕೆ ತಿರುಗಿತು. ಟಕೋಮಾ ನಗರದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಜೋಸ್ ಡೋಲನ್ ಅವರನ್ನು 1921ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮದುವೆಯಾದರು. ಇಬ್ಬರು ಹೆಣ್ಣುಮಕ್ಕಳು. ಪತ್ತೇದಾರಿಕೆ ಮಾಡುವಷ್ಟು ಶಕ್ತಿ ದೇಹದಲ್ಲಿ ಉಳಿದಿರಲಿಲ್ಲ. ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ ಎಂದು ಕಥೆ ಬರೆಯಲು ಶುರುಮಾಡಿದರು. ಅಂದರೆ ಈ ಸಾಹಿತ್ಯ ಹುಟ್ಟಿದ್ದು ಯಾವ ಸಾಹಿತ್ಯ ಚಳವಳಿಯಿಂದಲೂ ಅಲ್ಲ. ಕೆಮ್ಮುತ್ತ ಮಲಗಿದ್ದವನಿಗೆ ಬಾಡಿಗೆ ಕಟ್ಟಬೇಕಿತ್ತು, ಅಷ್ಟೇ.

1923ರಿಂದ 'ಬ್ಲ್ಯಾಕ್ ಮಾಸ್ಕ್'ನಲ್ಲಿ ಕಾಣಿಸಿಕೊಂಡ ಅವರ ಮೊದಲ ನಾಯಕನಿಗೆ ಹೆಸರೇ ಇಲ್ಲ. ಕಾಂಟಿನೆಂಟಲ್ ಎಂಬ ಸಂಸ್ಥೆಯ ಗುಮಾಸ್ತನಂಥ ಪತ್ತೇದಾರ. ಕುಳ್ಳ, ದಪ್ಪ, ನಲವತ್ತರ ಆಸುಪಾಸು. ಸುಂದರಿಯರು ಅವನಿಗೆ ಮರುಳಾಗುವುದಿಲ್ಲ. ಮೇಲಧಿಕಾರಿ ಕಳಿಸಿದಲ್ಲಿಗೆ ಹೋಗುತ್ತಾನೆ, ಕೆಲಸ ಮುಗಿಸುತ್ತಾನೆ, ಖರ್ಚಿನ ಲೆಕ್ಕ ಕೊಡುತ್ತಾನೆ. ನಮ್ಮಲ್ಲಿ ಪತ್ತೇದಾರ ಎಂದರೆ ಕೋಟು, ಹ್ಯಾಟು, ಸಾಹಸ ಎಂದು ಓದಿ ಬೆಳೆದವರಿಗೆ ಈತ ಸಪ್ಪೆ ಅನ್ನಿಸಬಹುದು. ನಾಲ್ಕು ಪುಟ ಓದಿದ ಮೇಲೆ ಅನ್ನಿಸುವುದಿಲ್ಲ.

ಬದುಕು ಮಾತ್ರ ಹಗ್ಗದ ಮೇಲೆಯೇ ಇತ್ತು. ಸಂಭಾವನೆಯ ತಕರಾರಿನಿಂದ 1926ರಲ್ಲಿ ಪತ್ರಿಕೆ ಬಿಟ್ಟು, ಸ್ಯಾನ್ ಫ್ರಾನ್ಸಿಸ್ಕೋದ ಆಭರಣದ ಅಂಗಡಿಯೊಂದಕ್ಕೆ ಜಾಹೀರಾತು ಬರೆಯುವ ಕೆಲಸ ಹಿಡಿದರು. ಕೆಲವೇ ತಿಂಗಳಲ್ಲಿ ರಕ್ತ ಕಾರಿ ಕಚೇರಿಯಲ್ಲೇ ಕುಸಿದುಬಿದ್ದರು. ಮಕ್ಕಳಿಗೆ ಸೋಂಕು ತಗುಲದಿರಲಿ ಎಂದು ವೈದ್ಯರು ಬೇರೆ ಮನೆಯಲ್ಲಿರಲು ಹೇಳಿದರು. ಆ ಒಂಟಿ ಕೋಣೆಗಳಲ್ಲೇ ಅವರ ಮುಖ್ಯ ಕೃತಿಗಳು ಹುಟ್ಟಿದವು. 'ಬ್ಲ್ಯಾಕ್ ಮಾಸ್ಕ್'ಗೆ ಹೊಸದಾಗಿ ಸಂಪಾದಕರಾಗಿ ಬಂದ ಜೋಸೆಫ್ ಶಾ ಅವರನ್ನು ಹುಡುಕಿ ಮತ್ತೆ ಬರೆಯಲು ಒಪ್ಪಿಸಿದರು. ಪತ್ತೇದಾರಿ ಸಾಹಿತ್ಯದ ಇತಿಹಾಸದಲ್ಲಿ ಶಾ ಮಾಡಿದ ಆ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ.

ನಂತರದ ಬರವಣಿಗೆಯ ವೇಗ ನೋಡಿದರೆ ಈಗಲೂ ಬೆರಗಾಗುತ್ತದೆ. 1929ರಲ್ಲಿ ಎರಡು ಕಾದಂಬರಿ, 1930ರಲ್ಲಿ 'ದಿ ಮಾಲ್ಟೀಸ್ ಫಾಲ್ಕನ್', 1931ರಲ್ಲಿ 'ದಿ ಗ್ಲಾಸ್ ಕೀ'.

'ಮಾಲ್ಟೀಸ್ ಫಾಲ್ಕನ್' ಕಥೆ ಹಲವರಿಗೆ ಗೊತ್ತಿರುತ್ತದೆ, ಹಂಫ್ರಿ ಬೊಗಾರ್ಟ್ ನಟಿಸಿದ 1941ರ ಸಿನಿಮಾದಿಂದಾದರೂ. ರತ್ನಖಚಿತವಾದ ಒಂದು ಗಿಡುಗನ ಗೊಂಬೆಯ ಹಿಂದೆ ಬಿದ್ದ ವಂಚಕರ ಗುಂಪು, ನಡುವೆ ಸ್ಯಾಮ್ ಸ್ಪೇಡ್ ಎಂಬ ಖಾಸಗಿ ಪತ್ತೇದಾರ. ಕಾದಂಬರಿಯುದ್ದಕ್ಕೂ ಯಾರ ಮನಸ್ಸಿನೊಳಗೆ ಏನಿದೆ ಎಂದು ಲೇಖಕ ಒಮ್ಮೆಯೂ ಹೇಳುವುದಿಲ್ಲ. ಕೈ ಏನು ಮಾಡಿತು, ಕಣ್ಣು ಎತ್ತ ತಿರುಗಿತು, ಬಾಯಿ ಏನು ಹೇಳಿತು ಎಂಬುದಷ್ಟೇ. ಪಿಂಕರ್ಟನ್ ವರದಿಯ ಶಿಸ್ತು ಇಲ್ಲಿ ಕಲೆಯಾಗಿದೆ. ಕೊನೆಯಲ್ಲಿ ಸ್ಪೇಡ್ ತಾನು ಪ್ರೀತಿಸಿರಬಹುದಾದ ಹೆಂಗಸನ್ನು ಪೊಲೀಸರಿಗೆ ಒಪ್ಪಿಸುತ್ತಾನೆ. ಆಕೆ ಕೊಂದದ್ದು ಅವನ ವ್ಯಾಪಾರದ ಪಾಲುದಾರನನ್ನು. ಆ ಪಾಲುದಾರನನ್ನು ಕಂಡರೆ ಸ್ಪೇಡ್‌ಗೆ ಅಷ್ಟಕ್ಕಷ್ಟೇ, ಅವನ ಹೆಂಡತಿಯೊಂದಿಗೆ ಸಂಬಂಧವೂ ಇತ್ತು. ಆದರೂ ಪಾಲುದಾರ ಸತ್ತಾಗ ಏನಾದರೂ ಮಾಡಬೇಕು ಎಂಬುದು ಅವನ ಲೆಕ್ಕ. ಪ್ರೀತಿಗಿಂತ ಆ ಲೆಕ್ಕ ದೊಡ್ಡದು.

ಅದೇ ಕಾದಂಬರಿಯಲ್ಲಿ, ಕಥೆಗೆ ಸಂಬಂಧವೇ ಇಲ್ಲದಂತೆ, ಸ್ಪೇಡ್ ಒಂದು ಹಳೆಯ ಪ್ರಕರಣ ಹೇಳುತ್ತಾನೆ. ಟಕೋಮಾದ ಫ್ಲಿಟ್‌ಕ್ರಾಫ್ಟ್ ಎಂಬ ಸಭ್ಯ ಗೃಹಸ್ಥ ಊಟಕ್ಕೆ ಹೊರಟಾಗ ಕಟ್ಟುತ್ತಿದ್ದ ಕಟ್ಟಡದಿಂದ ತೊಲೆಯೊಂದು ಕೂದಲೆಳೆಯ ಅಂತರದಲ್ಲಿ ಬೀಳುತ್ತದೆ. ಬದುಕು ಇಷ್ಟು ಆಕಸ್ಮಿಕವಾದರೆ ಈ ಶಿಸ್ತು ಯಾಕೆ ಎಂದುಕೊಂಡು ಆತ ಅಲ್ಲಿಂದಲೇ ಹೆಂಡತಿ ಮಕ್ಕಳನ್ನು ಬಿಟ್ಟು ಹೋಗುತ್ತಾನೆ. ಕೆಲವು ವರ್ಷಗಳ ನಂತರ ಬೇರೊಂದು ಊರಿನಲ್ಲಿ ಸಿಕ್ಕಾಗ ಆತ ಮತ್ತೆ ಮದುವೆಯಾಗಿ, ಮೊದಲಿನಂಥದ್ದೇ ಸಭ್ಯ ಸಂಸಾರ ನಡೆಸುತ್ತಿರುತ್ತಾನೆ. ತೊಲೆ ಬಿದ್ದಾಗ ಬೀಳುವುದಕ್ಕೆ ಹೊಂದಿಕೊಂಡ, ಬೀಳದಿದ್ದಾಗ ಬೀಳದಿರುವುದಕ್ಕೆ ಹೊಂದಿಕೊಂಡ. ಎರಡು ಮೂರು ಪುಟದ ಈ ಉಪಕಥೆಯ ಬಗ್ಗೆ ವಿಮರ್ಶಕರು ಪುಸ್ತಕಗಟ್ಟಲೆ ಬರೆದಿದ್ದಾರೆ. ಕೊಲೆಯ ಕಥೆಯೊಳಗೆ ಇಂಥದ್ದನ್ನು ತರಬಹುದು ಎಂದು ಅಲ್ಲಿಯವರೆಗೆ ಆ ಪತ್ರಿಕೆಗಳಲ್ಲಿ ಯಾರೂ ಯೋಚಿಸಿರಲಿಲ್ಲ.

ಚಾಂಡ್ಲರ್ ಪ್ರಬಂಧದ ತಿರುಳು ಇಲ್ಲಿದೆ. ಇಂಗ್ಲೆಂಡಿನ ಬಂಗಲೆ, ಬೀಗ ಹಾಕಿದ ಕೋಣೆ, ವಿಷದ ಬಾಟಲಿ, ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಕೂರಿಸಿ ಉತ್ತರ ಹೇಳುವ ಜಾಣ: ಇವೆಲ್ಲ ಒಗಟು ಬಿಡಿಸುವ ಆಟ, ಇಲ್ಲಿ ಯಾರೂ ನಿಜವಾಗಿ ಸಾಯುವುದಿಲ್ಲ ಎಂಬುದು ಅವರ ದೂರು. ಹ್ಯಾಮೆಟ್ ಕೊಲೆಯನ್ನು ಆ ದಿವಾನಖಾನೆಯಿಂದ ಹೊರಗೆ ತಂದರು. ಕಾರಣ ಇದ್ದು ಕೊಲ್ಲುವವರ ಕೈಗೆ, ಅವರ ಬಳಿ ಇರುವ ಆಯುಧದ ಸಮೇತ ಅದನ್ನು ಮರಳಿಸಿದರು, ಅವರಾಡುವ ಭಾಷೆಯಲ್ಲೇ ಅವರನ್ನು ಮಾತಾಡಿಸಿದರು ಎಂಬುದು ಮೆಚ್ಚುಗೆ. ಹೊಗಳುವ ಭರದಲ್ಲಿ ಅವರು ಎ.ಎ. ಮಿಲ್ನ್ ಅವರ ಪತ್ತೇದಾರಿ ಕಾದಂಬರಿಯೊಂದನ್ನು ಹಿಡಿದು ಎಳೆಎಳೆಯಾಗಿ ಬಿಚ್ಚಿ ಚಚ್ಚಿದ್ದು ಸ್ವಲ್ಪ ಅತಿಯಾಯಿತು. ಅಗಾಥಾ ಕ್ರಿಸ್ಟಿಯ ಓದುಗರು ಅದನ್ನು ಇಂದಿಗೂ ಕ್ಷಮಿಸಿಲ್ಲ. ಹ್ಯಾಮೆಟ್‌ಗಿಂತ ಸ್ವಲ್ಪ ಮೊದಲೇ ಕ್ಯಾರಲ್ ಜಾನ್ ಡೇಲಿ ಎಂಬವರು ಇದೇ ಪತ್ರಿಕೆಯಲ್ಲಿ ಬೀದಿ ಪತ್ತೇದಾರನನ್ನು ತಂದಿದ್ದೂ ನಿಜ. ಡೇಲಿಯನ್ನು ಈಗ ಸಂಶೋಧಕರು ಮಾತ್ರ ಓದುತ್ತಾರೆ.

ಆದರೆ ಚಾಂಡ್ಲರ್ ಕುರುಡು ಅಭಿಮಾನಿಯಾಗಿರಲಿಲ್ಲ. ಹ್ಯಾಮೆಟ್ ಭಾಷೆಯಲ್ಲಿ ಮಾತಿನಾಚೆಯ ಅನುರಣನ ಕಮ್ಮಿ ಎಂದು ಅದೇ ಪ್ರಬಂಧದಲ್ಲಿ ಸೂಚಿಸಿದರು. ಆ ಕೊರತೆ ಕಂಡದ್ದರಿಂದಲೇ ಅವರ ಸ್ವಂತ ಪತ್ತೇದಾರ ಫಿಲಿಪ್ ಮಾರ್ಲೋ ಅಷ್ಟೊಂದು ಉಪಮೆಗಳಲ್ಲಿ ಮಾತಾಡುತ್ತಾನೆ ಅನ್ನಬಹುದು. ಹ್ಯಾಮೆಟ್‌ಗೆ ಹೃದಯವಿಲ್ಲ ಎಂಬ ಆರೋಪವನ್ನು ಮಾತ್ರ ಅವರು ಒಪ್ಪಲಿಲ್ಲ. ಹ್ಯಾಮೆಟ್ ತಮ್ಮ ಕಾದಂಬರಿಗಳಲ್ಲಿ ಹೆಚ್ಚು ಮೆಚ್ಚಿಕೊಂಡದ್ದು ಒಬ್ಬ ಮನುಷ್ಯ ಗೆಳೆಯನಿಗೆ ತೋರಿದ ನಿಷ್ಠೆಯ ಕಥೆಯನ್ನಲ್ಲವೇ ಎಂದು ನೆನಪಿಸಿದರು.

ಅದು 'ದಿ ಗ್ಲಾಸ್ ಕೀ'. ಭ್ರಷ್ಟ ನಗರದ ರಾಜಕೀಯ ನಾಯಕನೊಬ್ಬನ ಬಲಗೈ ನೆಡ್ ಬೋಮಾಂಟ್ ಎಂಬ ಜೂಜುಗಾರ. ನಾಯಕನ ವಿರುದ್ಧ ಬಾಯಿಬಿಡು ಎಂದು ಎದುರಾಳಿಗಳು ಅವನನ್ನು ಕೂಡಿಹಾಕಿ ದಿನಗಟ್ಟಲೆ ಹೊಡೆಯುತ್ತಾರೆ. ಮುಖ ಗುರುತು ಸಿಗದಷ್ಟು ಹೊಡೆದರೂ ಬೋಮಾಂಟ್ ಬಾಯಿಬಿಡುವುದಿಲ್ಲ. ಗೆಳೆಯನನ್ನು ಉಳಿಸಲು ದೊಡ್ಡ ಮಾತು ಯಾವುದನ್ನೂ ಆಡುವುದಿಲ್ಲ. ಸುಮ್ಮನಿರುತ್ತಾನೆ. ಚಾಂಡ್ಲರ್ ಈ ಪುಸ್ತಕದ ಮೇಲೆ ಬೆರಳಿಟ್ಟಾಗ 1944. ಹ್ಯಾಮೆಟ್ ಬದುಕಿನಲ್ಲಿ ಅಂಥದ್ದೇ ಸಂದರ್ಭ ಬರಲು ಇನ್ನೂ ಏಳು ವರ್ಷವಿತ್ತು.

ಅದಕ್ಕೂ ಮೊದಲು ಬೀಳುವುದು ಬಾಕಿಯಿತ್ತು. ಹಾಲಿವುಡ್ ಕರೆಯಿತು, ದುಡ್ಡು ಸುರಿಯಿತು, ಅಷ್ಟೇ ವೇಗದಲ್ಲಿ ಕುಡಿತ, ಜೂಜು, ಪಾರ್ಟಿಗಳಲ್ಲಿ ಹರಿದುಹೋಯಿತು. ಕುಟುಂಬ ದೂರವಾಯಿತು, ಹಣ ಕಳಿಸುವುದೂ ಒಮ್ಮೊಮ್ಮೆ ನಿಲ್ಲುತ್ತಿತ್ತು. ನಟಿಯೊಬ್ಬರು ಹಲ್ಲೆಯ ದಾವೆ ಹೂಡಿದರು, 1932ರಲ್ಲಿ ನ್ಯಾಯಾಲಯ 2,500 ಡಾಲರ್ ಪರಿಹಾರ ಕೊಡಿಸಿತು. ಹ್ಯಾಮೆಟ್ ಸಂತರಾಗಿರಲಿಲ್ಲ, ಅವರನ್ನು ಹೊಗಳುವವರು ಈ ಪುಟವನ್ನು ಹಾರಿಸಿ ಓದುವುದು ಸರಿಯಲ್ಲ. ಕೈ ಖಾಲಿಯಾದಾಗ ನ್ಯೂಯಾರ್ಕಿನಲ್ಲಿ ಕಾದಂಬರಿಕಾರ ನಥಾನಿಯಲ್ ವೆಸ್ಟ್ ಮ್ಯಾನೇಜರ್ ಆಗಿದ್ದ ಸಣ್ಣ ಹೋಟೆಲಿನಲ್ಲಿ ಕೋಣೆ ಹಿಡಿದು 'ದಿ ಥಿನ್ ಮ್ಯಾನ್' ಮುಗಿಸಿದರು. 1934ರಲ್ಲಿ ಅದು ಪ್ರಕಟವಾಯಿತು, ಅದೇ ವರ್ಷ ಸಿನಿಮಾ ಆಗಿ ಗೆದ್ದಿತು. ಕುಡಿಯುತ್ತ, ಚೇಷ್ಟೆ ಮಾಡುತ್ತ ಕೊಲೆ ಪತ್ತೆ ಹಚ್ಚುವ ಗಂಡ ಹೆಂಡತಿಯ ಜೋಡಿ ಜನರಿಗೆ ಹಿಡಿಸಿತು. ಪುಸ್ತಕವನ್ನು ಲಿಲಿಯನ್ ಹೆಲ್‌ಮನ್‌ಗೆ ಅರ್ಪಿಸಲಾಗಿತ್ತು.

ಆಮೇಲೆ ಕಾದಂಬರಿ ಇಲ್ಲ. ಬದುಕಿದ್ದು ಇನ್ನೂ 27 ವರ್ಷ. ಯಾಕೆ ನಿಂತಿತು ಎಂಬುದಕ್ಕೆ ಚಾಂಡ್ಲರ್ ತಮ್ಮ ಪತ್ರಗಳಲ್ಲಿ ಹಾಲಿವುಡ್ಡನ್ನು ದೂರಿದರು. ಕುಡಿತ ಎಂದವರುಂಟು. ಒಂದೇ ಬಗೆಯ ಕಥೆಯನ್ನು ಮತ್ತೆ ಮತ್ತೆ ಬರೆಯಲು ಮನಸ್ಸಾಗದೆ, ಬೇರೆ ಬಗೆಯದು ಕೈಗೆ ಹತ್ತದೆ ನಿಂತರು ಎನ್ನುವುದು ಹೆಚ್ಚು ನಂಬುವಂತಿದೆ. ಯಾಕೆಂದರೆ ಬರೆಯುವ ಪ್ರಯತ್ನವನ್ನು ಅವರು ಬಿಟ್ಟಿರಲಿಲ್ಲ. 1950ರ ದಶಕದ ಆರಂಭದಲ್ಲಿ ಶುರುಮಾಡಿದ 'ಟ್ಯೂಲಿಪ್' ಎಂಬ ಅಪೂರ್ಣ ಕಾದಂಬರಿಯಲ್ಲಿ ಇರುವುದೂ ಬರೆಯಲಾರದ ಒಬ್ಬ ಬರಹಗಾರನೇ. ಬರೆಯದ ಕಾಲದಲ್ಲಿ ಬೇರೆಯವರ ಬರಹ ತಿದ್ದಿದರು. ಹೆಲ್‌ಮನ್ ಹೆಸರು ಮಾಡಿದ ಮೊದಲ ನಾಟಕ 'ದಿ ಚಿಲ್ಡ್ರನ್ಸ್ ಅವರ್'ಗೆ ವಸ್ತು ಹುಡುಕಿಕೊಟ್ಟವರು ಹ್ಯಾಮೆಟ್. ಕರಡುಗಳನ್ನು ಸ್ವಲ್ಪವೂ ದಯೆಯಿಲ್ಲದೆ ಓದಿ ಮತ್ತೆ ಮತ್ತೆ ಬರೆಸಿದರು.

1942ರಲ್ಲಿ, 48ನೇ ವಯಸ್ಸಿನಲ್ಲಿ, ಹಳೆಯ ಕ್ಷಯರೋಗಿಯಾಗಿದ್ದೂ ಸಾಮಾನ್ಯ ಸಿಪಾಯಿಯಾಗಿ ಮತ್ತೆ ಸೇನೆಗೆ ಸೇರಿದರು. ಅಲಾಸ್ಕದ ಆಚೆ ಅಲ್ಯೂಷನ್ ದ್ವೀಪಗಳ ಸಾಲಿನಲ್ಲಿ, ಅಡಾಕ್ ಎಂಬ ಮಂಜಿನ ದ್ವೀಪದಲ್ಲಿ ಸೈನಿಕರಿಗಾಗಿ 'ದಿ ಅಡಾಕಿಯನ್' ಎಂಬ ದಿನಪತ್ರಿಕೆ ನಡೆಸಿದರು. ಮಕ್ಕಳಂಥ ಸಿಪಾಯಿಗಳ ನಡುವೆ ಅವರು ನೆಮ್ಮದಿಯಾಗಿದ್ದ ಕಾಲ ಅದು ಎಂದು ಪತ್ರಗಳನ್ನು ಓದಿದರೆ ತಿಳಿಯುತ್ತದೆ.

ಹ್ಯಾಮೆಟ್ 1930ರ ದಶಕದಲ್ಲೇ ಕಮ್ಯುನಿಸ್ಟ್ ಪಕ್ಷದತ್ತ ವಾಲಿದ್ದರು. ಯುದ್ಧದ ನಂತರ ಸಿವಿಲ್ ರೈಟ್ಸ್ ಕಾಂಗ್ರೆಸ್ ಎಂಬ ಸಂಘಟನೆಯ ಜಾಮೀನು ನಿಧಿಗೆ ಅಧ್ಯಕ್ಷರಾದರು. ಶಿಕ್ಷೆಗೆ ಒಳಗಾಗಿದ್ದ ಪಕ್ಷದ ನಾಯಕರನ್ನು ಬಿಡಿಸಲು ನಿಧಿ ಜಾಮೀನು ಕೊಟ್ಟಿತ್ತು. 1951ರ ಜುಲೈನಲ್ಲಿ ಅವರಲ್ಲಿ ನಾಲ್ವರು ತಲೆಮರೆಸಿಕೊಂಡರು. ನಿಧಿಗೆ ಹಣ ಕೊಟ್ಟವರು ಯಾರು ಎಂದು ನ್ಯೂಯಾರ್ಕಿನ ನ್ಯಾಯಾಲಯ ಹ್ಯಾಮೆಟ್ ಅವರನ್ನು ಕರೆಸಿ ಕೇಳಿತು. ಅವರು ಉತ್ತರಿಸಲು ನಿರಾಕರಿಸಿದರು. ನ್ಯಾಯಾಂಗ ನಿಂದನೆಗಾಗಿ ಆರು ತಿಂಗಳ ಸೆರೆವಾಸವಾಯಿತು. ಅವರಿಗೆ ಆ ಹೆಸರುಗಳು ನಿಜಕ್ಕೂ ಗೊತ್ತೇ ಇರಲಿಲ್ಲ ಎಂದು ಹೆಲ್‌ಮನ್ ಮುಂದೆ ಬರೆದರು. ಗೊತ್ತಿಲ್ಲ ಎಂದು ಹೇಳಿದ್ದರೆ ಮನೆಗೆ ಹೋಗಬಹುದಿತ್ತೇನೋ. ಅದನ್ನೂ ಹೇಳಲು ಅವರು ತಯಾರಿರಲಿಲ್ಲ.

ಅವರ ರಾಜಕೀಯವನ್ನು ಒಪ್ಪದವರು ಬಹಳ ಮಂದಿ, ಅದಕ್ಕೆ ಕಾರಣಗಳೂ ಇವೆ. ಸ್ಟಾಲಿನ್ ಕಾಲದ ಸೋವಿಯತ್ ಒಕ್ಕೂಟದ ಬಗ್ಗೆ ಆ ಪೀಳಿಗೆಯ ಅನೇಕರಂತೆ ಅವರೂ ಕಣ್ಣುಮುಚ್ಚಿದ್ದರು. ಆದರೆ ಬಾಯಿಬಿಟ್ಟು ಬಚಾವಾದವರ ಪಟ್ಟಿ ದೊಡ್ಡದಿದ್ದ ಆ ವರ್ಷಗಳಲ್ಲಿ, ಕೆಮ್ಮುವ ಶ್ವಾಸಕೋಶ ಹೊತ್ತ 57ರ ಈ ಮನುಷ್ಯ ಕೆಂಟಕಿಯ ಜೈಲಿನಲ್ಲಿ ಶೌಚಾಲಯ ತೊಳೆದು ಐದು ತಿಂಗಳ ನಂತರ ಹೊರಬಂದರು. ಹೊರಗೆ ಏನೂ ಉಳಿದಿರಲಿಲ್ಲ. ಅವರ ಪಾತ್ರಗಳನ್ನಿಟ್ಟುಕೊಂಡು ಬರುತ್ತಿದ್ದ ರೇಡಿಯೋ ಕಾರ್ಯಕ್ರಮಗಳು ನಿಂತವು. ತೆರಿಗೆ ಬಾಕಿ ಲಕ್ಷ ಡಾಲರ್‌ಗೂ ಹೆಚ್ಚೆಂದು ಲೆಕ್ಕ ಹಾಕಿ ಬರುವ ಆದಾಯವನ್ನೆಲ್ಲ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. 1953ರಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ ಸಮಿತಿ ಕರೆಸಿತು. ಕಮ್ಯುನಿಸಂ ವಿರುದ್ಧ ಹೋರಾಡಲು ಖರ್ಚು ಮಾಡುವ ನೀವೇ ಆಗಿದ್ದರೆ ಕಮ್ಯುನಿಸ್ಟ್ ಲೇಖಕರ ಪುಸ್ತಕಗಳನ್ನು ಕೊಳ್ಳುತ್ತಿದ್ದಿರಾ ಎಂದು ಮೆಕಾರ್ಥಿ ಕೇಳಿದಾಗ, ಹಾಗೆ ಹೋರಾಡುವುದಾದರೆ ಜನರಿಗೆ ಯಾವ ಪುಸ್ತಕವನ್ನೂ ಕೊಡುತ್ತಿರಲಿಲ್ಲ ಎಂಬರ್ಥದ ಉತ್ತರ ಕೊಟ್ಟು ಬಂದರು. ವಿದೇಶಗಳಲ್ಲಿದ್ದ ಅಮೆರಿಕ ಸರ್ಕಾರದ ಗ್ರಂಥಾಲಯಗಳಿಂದ ಅವರ ಪುಸ್ತಕಗಳನ್ನು ಕೆಲಕಾಲ ತೆಗೆಯಲಾಯಿತು.

ಕೊನೆಯ ವರ್ಷಗಳು ನ್ಯೂಯಾರ್ಕ್ ರಾಜ್ಯದ ಕಟೋನಾದಲ್ಲಿ, ಪರಿಚಿತರ ಜಮೀನಿನ ಗೇಟಿನ ಬಳಿಯ ಪುಟ್ಟ ಮನೆಯಲ್ಲಿ ಕಳೆದವು. 1955ರಲ್ಲಿ ಹೃದಯಾಘಾತವಾಯಿತು. ಕೈಲಾಗದಾದಾಗ ಹೆಲ್‌ಮನ್ ತಮ್ಮ ಮನೆಗೆ ಕರೆದೊಯ್ದರು. ಚಾಂಡ್ಲರ್ 1959ರ ಮಾರ್ಚ್‌ನಲ್ಲಿ ತೀರಿಕೊಂಡರು. ಹ್ಯಾಮೆಟ್ ಶ್ವಾಸಕೋಶದ ಕ್ಯಾನ್ಸರ್‌ನಿಂದ 1961ರ ಜನವರಿ 10ರಂದು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು.

ಎರಡು ಮಹಾಯುದ್ಧಗಳ ಕಾಲದಲ್ಲಿ ಸೇನೆಯಲ್ಲಿ ಕೆಲಸ ಮಾಡಿದವರೆಂಬ ಹಕ್ಕಿನಿಂದ ಅವರನ್ನು ವಾಷಿಂಗ್ಟನ್ ಬಳಿಯ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. ಅದು ಅವರ ಸ್ವಂತ ಆಸೆಯೂ ಆಗಿತ್ತು. ಅಲ್ಲಿನ ಸಾವಿರಾರು ಬಿಳಿ ಕಲ್ಲುಗಳಂಥದ್ದೇ ಒಂದು ಕಲ್ಲು. ಹೆಸರು, ಮೇರಿಲ್ಯಾಂಡ್, ಸೇನೆಯ ದರ್ಜೆ, ಎರಡು ಯುದ್ಧಗಳ ಉಲ್ಲೇಖ ಅದರ ಮೇಲಿವೆ. ಕಾದಂಬರಿಗಳ ಸುದ್ದಿ ಇಲ್ಲ.